ಮುಟ್ಟಿದರೆ ಓಡುವ ಹೆಸರುಗಳು

ಅಕ್ಕನ ಮಗಳ ಲಗ್ನಪತ್ರಿಕೆಗೆ ಆ ದರಿದ್ರ ಲ್ಯಾಪ್‌ಟಾಪನ್ನು ತೆಗೆಯಲೇಬಾರದು ಎಂದು ನಾನು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಬೇರೆಯವರ ಮನೆಯ ಪತ್ರಿಕೆಯಾಗಿದ್ದರೆ ಹೇಗೋ ಗುದ್ದಾಡಿಕೊಂಡು ಮುಗಿಸುತ್ತಿದ್ದೆ. ಇದರಲ್ಲಿ ಎಡವಟ್ಟಾಗುವ ಹಾಗಿರಲಿಲ್ಲ. ಎಂದೂ ನನ್ನ ಹತ್ತಿರ ಏನನ್ನೂ ಕೇಳದ ಅಕ್ಕ ಫೋನ್ ಮಾಡಿ ಒಂದು ಮಾತು ಕೇಳಿದ್ದಳು. ಮಗಳ ಮದುವೆಗೆ ಕರೆಯುವವರ ಜಾಗದಲ್ಲಿ, ಎಲ್ಲರಿಗಿಂತ ಮೇಲೆ, ತನ್ನ ಹೆಸರು ಇರಬೇಕು ಎಂದು.

ಇದೇನು ದೊಡ್ಡ ವಿಷಯ ಎಂದು ದೂರದವರಿಗೆ ಅನ್ನಿಸಬಹುದು. ಅಕ್ಕನ ಗಂಡ ತೀರಿಕೊಂಡಾಗ ಆ ಹುಡುಗಿ ಇನ್ನೂ ಅಂಬೆಗಾಲಿಡುತ್ತಿತ್ತು. ವೈ.ಎನ್.ಹೊಸಕೋಟೆಯ ಪಕ್ಕದ ಆ ಊರಿನಲ್ಲಿ ಕಡಲೆಕಾಯಿ ಬಿತ್ತಿಕೊಂಡು, ಬೇಸಿಗೆಯಲ್ಲಿ ಹುಣಸೆಹಣ್ಣು ಬಿಡಿಸಿಕೊಂಡು, ಮಗಳನ್ನು ಬಿ.ಎಡ್‌ವರೆಗೆ ಓದಿಸಿದವಳು ಅವಳು. ಆದರೆ ನಮ್ಮ ಕಡೆ ಗಂಡನಿಲ್ಲದ ತಾಯಿಯ ಹೆಸರನ್ನು ಪತ್ರಿಕೆಯ ಮೊದಲ ಸಾಲಿಗೆ ಹಾಕುವುದಿಲ್ಲ. ಅಲ್ಲಿ ದೊಡ್ಡಪ್ಪ ದೊಡ್ಡಮ್ಮನದೋ, ಸೋದರಮಾವನದೋ, ಒಟ್ಟಿನಲ್ಲಿ ಒಂದು ಜೋಡಿಯ ಹೆಸರು ಬರುತ್ತದೆ. ತಾಯಿಯ ಹೆಸರು ಕೆಳಗೆ, ಸುಖಾಗಮನ ಬಯಸುವವರ ಗುಂಪಿನಲ್ಲಿ, ಚಿಕ್ಕ ಅಕ್ಷರಗಳಲ್ಲಿ ಸೇರಿಹೋಗುತ್ತದೆ. ಯಾರು ಮಾಡಿದ ಕಟ್ಟಳೆಯೋ ಗೊತ್ತಿಲ್ಲ. ಯಾರನ್ನು ಕೇಳಿದರೂ ನಮಗೇನಿಲ್ಲಮ್ಮ, ನೋಡಿದವರು ಏನಂತಾರೋ ಎನ್ನುತ್ತಾರೆ.

“ಮದ್ವೆಗೆ ಕರೀತಿರೋಳು ನಾನು ಕಣೇ. ನನ್ ಹೆಸ್ರಲ್ಲೇ ಕರೀಬೇಕು,” ಎಂದಳು ಅಕ್ಕ.

ಅಷ್ಟೇ ತಾನೇ, ಅದು ನನ್ನ ಕೈಯಲ್ಲಿರುವ ಕೆಲಸ, ಚಿಂತೆ ಬಿಡು ಎಂದು ದೊಡ್ಡದಾಗಿ ಹೇಳಿಬಿಟ್ಟೆ.

ನಿಜಕ್ಕೂ ಅದು ನನ್ನ ಕೈಯಲ್ಲಿರುವ ಕೆಲಸವೇ. ಮಧುಗಿರಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಅಕ್ಷರ ಜೋಡಿಸುವವಳು ನಾನು, ಅಚ್ಚು ಹಾಕುವವರು ನನ್ನ ಯಜಮಾನರು. ಬಿಲ್ ಬುಕ್ಕು, ಕರಪತ್ರ ಎಲ್ಲಾ ಮಾಡುತ್ತೇವೆ, ಆದರೆ ಹೊಟ್ಟೆ ತುಂಬಿಸುವುದು ಮದುವೆ ಪತ್ರಿಕೆ. ಪತ್ರಿಕೆಯನ್ನು ನಾನು ಅಂಗಡಿಯಲ್ಲಿ ಕೂತು ಬರೆಯುವುದಿಲ್ಲ. ಹಾಗೆ ಬರೆದು ಕೈಸುಟ್ಟುಕೊಂಡದ್ದು ಸಾಕಾಗಿದೆ. ಅಂಗಡಿಗೆ ಬಂದ ಅಣ್ಣ ಒಂದು ಕ್ರಮದಲ್ಲಿ ಹೆಸರು ಹೇಳುತ್ತಾನೆ, ಸಂಜೆಗೆ ತಮ್ಮ ಫೋನ್ ಮಾಡಿ ನನ್ನ ಹೆಸರು ಷಡ್ಡಕನ ಕೆಳಗೆ ಯಾಕೆ ಹೋಯಿತು ಎಂದು ಜಗಳಕ್ಕೆ ಬರುತ್ತಾನೆ. ಅದಕ್ಕೇ ಲಗ್ನ ಕಟ್ಟಿಸುವ ದಿನ, ಎರಡೂ ಕಡೆಯ ಹಿರಿಯರು ಸೇರಿರುವಾಗ, ಲ್ಯಾಪ್‌ಟಾಪ್ ಹೊತ್ತುಕೊಂಡು ನಾನೇ ಆ ಮನೆಗೆ ಹೋಗುತ್ತೇನೆ. ಪುರೋಹಿತರು ಕೈಯಲ್ಲಿ ಲಗ್ನ ಬರೆದು ಅರಿಶಿನ ಕುಂಕುಮ ಹಚ್ಚಿದ ಮೇಲೆ ನನ್ನ ಸರದಿ. ಅಲ್ಲೇ ಚಾಪೆಯ ಮೇಲೆ ಕೂತು, ಎಲ್ಲರ ಬಾಯಿಂದ ಹೆಸರು ಕೇಳಿ, ಎಲ್ಲರ ಕಣ್ಣೆದುರು ಜೋಡಿಸಿ, ಸರಿ ಎನ್ನಿಸಿಕೊಂಡು ಏಳುತ್ತೇನೆ. ಒಂದೊಂದು ಹೆಸರನ್ನೂ ಬೇರೆ ಬೇರೆ ಚೌಕದಲ್ಲಿ ಕೂರಿಸುವುದು ನನ್ನ ಪದ್ಧತಿ. ಹಿರಿಯರು ಮನಸ್ಸು ಬದಲಾಯಿಸಿದ ಹಾಗೆಲ್ಲ ಆ ಚೌಕವನ್ನಷ್ಟೇ ಮೌಸಿನಲ್ಲಿ ಹಿಡಿದು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಆಯಿತು.

ಈ ಕೆಲಸಕ್ಕೆ ನನ್ನ ಹಳೇ ಲ್ಯಾಪ್‌ಟಾಪು ಹೇಳಿ ಮಾಡಿಸಿದಂತಿತ್ತು. ಎತ್ತಿದರೆ ತೋಳು ಬಿದ್ದುಹೋಗುವಷ್ಟು ಭಾರ, ನಿಜ. ಆದರೆ ಕೀಲಿಗಳು ಉಬ್ಬಿದ್ದವು, ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತಿತ್ತು. ಅಂಕಿಗಳಿಗೆ ಪಕ್ಕದಲ್ಲಿ ಪ್ರತ್ಯೇಕ ಸಾಲಿತ್ತು. ಕೆಳಗಿನ ಪ್ಯಾಡಿಗೆ ಎಡಕ್ಕೊಂದು ಬಲಕ್ಕೊಂದು ಗುಂಡಿ ಇದ್ದವು. ಸ್ಕ್ರೀನು ಮಂಕು, ಅದರಲ್ಲಿ ಏನೂ ಪ್ರತಿಫಲಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ಜನ ಹಿರಿಯರು ಹತ್ತು ಬೆರಳಿನಿಂದ ತಿವಿದರೂ ಅದು ಕೆರೆಯಲ್ಲಿ ಮಲಗಿದ ಎಮ್ಮೆಯ ಹಾಗೆ ಮಿಸುಕಾಡುತ್ತಿರಲಿಲ್ಲ. ಕೊನೆಗೆ ಅದರ ಕೀಲು ಮುರಿದು, ಸ್ಕ್ರೀನಿನ ತುಂಬ ಗೆರೆ ಬಂದು, ರಿಪೇರಿಗೂ ಒಗ್ಗದ ಸ್ಥಿತಿಗೆ ಬಂದಾಗ ನಾನು ಊಟ ಬಿಟ್ಟವಳ ಹಾಗೆ ಕೂತಿದ್ದೆ.

ಆಗ ಬಂದ ನನ್ನ ತಮ್ಮ. ನಮ್ಮ ಮೂವರಲ್ಲಿ ಅವನೇ ಕಿರಿಯ. ಸಿರಾದಲ್ಲಿ ಲ್ಯಾಪ್‌ಟಾಪ್ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಅವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲಿಲ್ಲ. ಬೇಕಾದ್ದನ್ನೆಲ್ಲ ನಾನು ಬಿಡಿಸಿ ಬಿಡಿಸಿ ಹೇಳಿ ಕಳಿಸಿದ್ದೆ. ಉಬ್ಬಿದ ಕೀಲಿ ಬೇಕು, ಗುಂಡಿ ಬೇಕು, ಮಂಕು ಸ್ಕ್ರೀನು ಬೇಕು, ಪೆನ್‌ಡ್ರೈವ್ ಚುಚ್ಚಲು ತೂತು ಬೇಕು, ಭಾರವಾದರೂ ಚಿಂತೆಯಿಲ್ಲ ಎಂದಿದ್ದೆ. ಎಲ್ಲಕ್ಕೂ ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ ಅವನು ತಂದದ್ದು ಇದರಲ್ಲಿ ಯಾವುದೂ ಇಲ್ಲದ ಒಂದು ತೆಳ್ಳನೆಯ ಹಲಗೆ.

ಅಂಗಡಿಯ ಮೇಜಿನ ಮೇಲಿಟ್ಟು ಅದರ ಸ್ಕ್ರೀನನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಗ್ಗಿಸಿದ. ಮುರಿದೇ ಹೋಯಿತು ಎಂದು ನಾನು ಎದೆ ಹಿಡಿದುಕೊಂಡೆ. ಅವನು ಅದನ್ನು ಗುಡಾರದ ಹಾಗೆ ಮಡಚಿ ನಿಲ್ಲಿಸಿ ನನ್ನ ಮುಖ ನೋಡಿದ. ಹೀಗೆ ಯಾಕೆ ನಿಲ್ಲಬೇಕು ಎಂದು ಕೇಳಿದೆ. ಸಿನಿಮಾ ನೋಡುವುದಕ್ಕೆ ಎಂದ. ಆಮೇಲೆ ಪೂರ್ತಿ ಹಿಂದಕ್ಕೆ ಮಡಚಿ ಸ್ಲೇಟಿನ ಹಾಗೆ ಕೈಯಲ್ಲಿ ಹಿಡಿದು, ಬೆರಳಿನಿಂದ ಸ್ಕ್ರೀನಿನ ಮೇಲೆ ಗೀರಿ, ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ತೋರಿಸಿದ.

“ನಾನ್ ಪತ್ರಿಕೆ ಮಾಡೋಳು ಕಣೋ. ನಂಗ್ಯಾಕೋ ಇದೆಲ್ಲಾ?”

“ಈಗ ಬರೋವೆಲ್ಲಾ ಇಂಗೇ ಚಿಕ್ಕಕ್ಕ. ಗುಂಡಿ ಗಿಂಡಿ ಎಲ್ಲಾ ಹಳೇ ಕಾಲಕ್ಕಾಯ್ತು. ನೀನ್ ಬಿಲ್ಕುಲ್ ಫಿಕರ್ ಮಾಡ್ಬೇಡ.”

ಸಿರಾದಲ್ಲಿ ಅಂಗಡಿ ಇಟ್ಟ ಮೇಲೆ ಅವನ ಬಾಯಲ್ಲಿ ಈ ಬಿಲ್ಕುಲ್ಲು, ಫಿಕರು ಸೇರಿಕೊಂಡಿವೆ. ಅವನು ಫಿಕರ್ ಮಾಡಬೇಡ ಎಂದಾಗಲೆಲ್ಲ ನನ್ನ ಫಿಕರು ಶುರುವಾಗುತ್ತದೆ. ಯಜಮಾನರ ಕಡೆ ನೋಡಿದೆ. ಬೈಕಿನಲ್ಲಿ ನನ್ನ ಲ್ಯಾಪ್‌ಟಾಪ್ ಬ್ಯಾಗು ಹೊತ್ತು ಊರೂರು ತಿರುಗುವವರು ಅವರು. ಹೊಸದನ್ನು ಒಂದೇ ಕೈಯಲ್ಲಿ ಎತ್ತಿ, ಹಗುರ ಇದೆ ಎಂದರು. ಅಲ್ಲಿಗೆ ನನ್ನ ಪಕ್ಷದಲ್ಲಿ ನಾನೊಬ್ಬಳೇ ಉಳಿದೆ.

ಅದರ ಜೊತೆ ನಾನು ಪಟ್ಟ ಪಾಡನ್ನು ಹೇಳಿದರೆ ಮುಗಿಯುವುದಿಲ್ಲ. ಅದರ ಆನ್ ಆಫ್ ಗುಂಡಿಯನ್ನು ಯಾವ ಪುಣ್ಯಾತ್ಮರೋ ಕೀಲಿಗಳ ನಡುವೆಯೇ, ಅಕ್ಷರ ಅಳಿಸುವ ಕೀಲಿಯ ಪಕ್ಕಕ್ಕೇ ಇಟ್ಟಿದ್ದರು. ತಪ್ಪಾದ ಒಂದು ಒತ್ತನ್ನು ಅಳಿಸಲು ಹೋದರೆ ಇಡೀ ಲ್ಯಾಪ್‌ಟಾಪೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಪ್ಯಾಡಿಗೆ ಗುಂಡಿಗಳಿಲ್ಲ, ಎಲ್ಲಿ ಒತ್ತಿದರೆ ಎಡ, ಎಲ್ಲಿ ಒತ್ತಿದರೆ ಬಲ ಎಂಬುದನ್ನು ಊಹಿಸಿಕೊಳ್ಳಬೇಕು. ಟೈಪು ಮಾಡುವಾಗ ಅಂಗೈಯ ಬುಡ ಸ್ವಲ್ಪ ತಾಗಿದರೂ ಕರ್ಸರು ಇನ್ನೆಲ್ಲಿಗೋ ನೆಗೆದು, ವಧುವಿನ ಹೆಸರಿನ ಅರ್ಧ ಛತ್ರದ ವಿಳಾಸದೊಳಗೆ ಹೋಗಿ ಕೂರುತ್ತಿತ್ತು. ಗಿರಾಕಿಗಳು ತಂದ ಪೆನ್‌ಡ್ರೈವ್ ಅದಕ್ಕೆ ಹಿಡಿಸುವುದಿಲ್ಲ, ನಡುವೆ ಒಂದು ಬಾಲ ನೇತುಹಾಕಬೇಕು, ಆ ಬಾಲವನ್ನು ಪ್ರತಿ ಸಲವೂ ಯಾವುದೋ ಮನೆಯಲ್ಲಿ ಮರೆತು ಬರುತ್ತೇನೆ.

ಇನ್ನು ಆ ಸ್ಕ್ರೀನು. ಕ್ಯಾತಗಾನಚೆರ್ಲು ಕಡೆ ಹೋದಾಗ ಸೋಲಾರ್ ಹಲಗೆಗಳ ಹೊಳಪು ಕಣ್ಣಿಗೆ ಹೊಡೆಯುತ್ತದಲ್ಲ, ಅದೇ ಥರ. ಅಂಗಡಿಯ ಬಾಗಿಲಿಗೆ ಬೆನ್ನು ಹಾಕಿ ಕೂತರೆ ನಾನು ಬರೆದದ್ದು ಕಾಣುವುದಿಲ್ಲ. ಹಿಂದಿನ ಬೆಟ್ಟ ಕಾಣುತ್ತದೆ, ರಸ್ತೆಯಲ್ಲಿ ಹೋಗುವ ಬಸ್ಸು ಕಾಣುತ್ತದೆ, ಗಂಟಿಕ್ಕಿಕೊಂಡ ನನ್ನ ಮುಖ ಕಾಣುತ್ತದೆ. ದಿನವಿಡೀ ನನ್ನ ಸಿಡುಕನ್ನು ನಾನೇ ನೋಡಿಕೊಂಡು ಕೆಲಸ ಮಾಡಿದರೆ ಸಿಡುಕು ಕಡಿಮೆಯಾಗುವುದಾದರೂ ಹೇಗೆ?

ತಮ್ಮನಿಗೆ ಫೋನ್ ಮಾಡಿ ಒಂದೊಂದನ್ನೂ ಹೇಳುತ್ತಿದ್ದೆ. ಅವನ ಹತ್ತಿರ ಒಂದೊಂದಕ್ಕೂ ಉತ್ತರವಿತ್ತು. ಗುಂಡಿ ತೆಗೆದದ್ದು ಧೂಳು ಸೇರಬಾರದು ಎಂದು, ತೂತು ಕಡಿಮೆ ಮಾಡಿದ್ದು ತೆಳ್ಳಗಾಗಲಿ ಎಂದು, ಹೊಳಪು ಕೊಟ್ಟದ್ದು ಬಣ್ಣ ಎದ್ದು ಕಾಣಲಿ ಎಂದು. ಯಾರಿಗೆ ಬೇಕಿತ್ತು ತೆಳ್ಳಗೆ ಎಂದು ಕೇಳಿದರೆ ಜನಕ್ಕೆ ಎನ್ನುತ್ತಿದ್ದ. ಆ ಜನ ಎಲ್ಲಿದ್ದಾರೋ ನಾನು ನೋಡಿಲ್ಲ. ನನ್ನ ಹತ್ತಿರ ಬರುವ ಜನ ಐ.ಡಿ.ಹಳ್ಳಿಯವರು, ಕೊರಟಗೆರೆಯವರು, ಪಾವಗಡದವರು. ಅವರಲ್ಲಿ ಒಬ್ಬರೂ ನನ್ನ ಲ್ಯಾಪ್‌ಟಾಪ್ ದಪ್ಪಗಿದೆ ಎಂದು ಪತ್ರಿಕೆ ಬೇಡ ಎಂದು ಎದ್ದುಹೋದವರಲ್ಲ.

ಇದೆಲ್ಲವನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಆ ಟಚ್ಚು. ನಮ್ಮ ಕಡೆಯ ಹಿರಿಯರು ಬೆರಳಿಡದೆ ಓದುವುದಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರದಿಂದ ಅಕ್ಷರಕ್ಕೆ ಸರಿಸಿಕೊಂಡು, ತುಟಿ ಅಲುಗಿಸುತ್ತ ಓದುತ್ತಾರೆ. ಕಾಗದದ ಮೇಲೆ ಹಾಗೆ ಓದಿ ಅಭ್ಯಾಸವಾದವರು ಸ್ಕ್ರೀನಿನ ಮೇಲೂ ಹಾಗೆಯೇ ಓದುತ್ತಾರೆ. ಅವರು ಓದಿದ್ದನ್ನೆಲ್ಲ ಈ ಲ್ಯಾಪ್‌ಟಾಪು ಎಳೆದುಕೊಂಡು ಹೋಗುತ್ತದೆ.

ಐ.ಡಿ.ಹಳ್ಳಿಯ ಒಂದು ಮನೆಯಲ್ಲಿ ಅದು ಮೊದಲ ಸಲ ಮಾನ ಕಳೆಯಿತು. ಆ ಮನೆಯ ಅಜ್ಜ ತನ್ನ ತಮ್ಮನ ಹೆಸರಿನ ಮೇಲೆ ಬೆರಳಿಟ್ಟು, ಇವನ ಹೆಸರು ನನ್ನ ಮಗ್ಗುಲಿಗೇ ಇರಬೇಕು, ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಎಂದು ಶುರುಮಾಡಿದರು. ಚಿಕ್ಕಂದಿನ ಕಥೆಯನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬೆರಳು ಸಾವಕಾಶವಾಗಿ ಕೆಳಕ್ಕೆ ಜಾರಿತ್ತು. ನಾವೆಲ್ಲ ಅವರ ಮುಖ ನೋಡುತ್ತ ಕಥೆ ಕೇಳುತ್ತಿದ್ದೆವು. ಆಮೇಲೆ ಎಲ್ಲ ಹೆಸರೂ ಇವೆಯೇ ಎಂದು ನೋಡಿದೆ, ಇದ್ದವು. ಅಜ್ಜನೂ ಸರಿಯಾಗಿದೆ ಎಂದರು. ಅಚ್ಚಾಗಿ, ಅರ್ಧ ಪತ್ರಿಕೆ ಹಂಚಿದ ಮೇಲೆ ನೋಡಿದರೆ ಆ ಹಲ್ಲಿಲ್ಲದ ತಮ್ಮನ ಹೆಸರು ಎಲ್ಲಕ್ಕಿಂತ ಕೆಳಗೆ, “ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ” ಎಂದು ಕರೆಯುವ ಮೊಮ್ಮಕ್ಕಳ ಸಾಲಿನಲ್ಲಿತ್ತು. ಆ ಮನುಷ್ಯ ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದು ಕೂತರು. ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಿಕೊಟ್ಟು, ಅವರ ಮನೆಗೆ ಹೋಗಿ ನಾನೇ ಸಮಾಧಾನ ಹೇಳಿ ಬರಬೇಕಾಯಿತು.

ಸಿರಾಕ್ಕೆ ಹೋಗಿ ತಮ್ಮನ ಅಂಗಡಿಯಲ್ಲೇ ಕೂತು ಕೂಗಾಡಿದೆ. ಅವನು ನನ್ನ ಕೂಗಾಟ ಮುಗಿಯುವವರೆಗೆ ಚಹಾ ಕುಡಿದು, ತಪ್ಪು ಲ್ಯಾಪ್‌ಟಾಪಿನದಲ್ಲ, ಅಜ್ಜ ಬೆರಳಿಟ್ಟುಕೊಂಡು ಮಾತಾಡಬಾರದಿತ್ತು ಎಂದ. ಊರಿನ ಅಜ್ಜಂದಿರನ್ನೆಲ್ಲ ತಿದ್ದುವುದು ಸುಲಭವೋ, ಇದೊಂದನ್ನು ತಿದ್ದುವುದು ಸುಲಭವೋ ಎಂದು ಕೇಳಿದೆ. ಟಚ್ ಇಲ್ಲದಿದ್ದರೆ ಇಂಥ ಲ್ಯಾಪ್‌ಟಾಪ್ ಇಟ್ಟುಕೊಂಡು ಏನು ಪ್ರಯೋಜನ ಎಂದು ಗೊಣಗಿಕೊಂಡೇ ಏನೇನೋ ಒತ್ತಿ ಟಚ್ಚನ್ನು ಆಫ್ ಮಾಡಿಕೊಟ್ಟ. ನಾನು ಎರಡು ಸಲ ಬೆರಳಿನಿಂದ ತಿವಿದು ನೋಡಿದೆ, ಅಲುಗಲಿಲ್ಲ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹಾಗಿದ್ದರೂ ಅಕ್ಕನ ಮನೆಗೆ ಅದನ್ನು ಒಯ್ಯುವ ಮನಸ್ಸಿರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲೇ ಪತ್ರಿಕೆ ಜೋಡಿಸಿ, ಅವಳ ಹೆಸರನ್ನು ಮೇಲೆ ಹಾಕಿ, ಕಾಗದದ ಮೇಲೆ ಒಂದು ಪ್ರತಿ ತೆಗೆದು ತರುತ್ತೇನೆ ಎಂದೆ. ಅಕ್ಕ ಒಪ್ಪಲಿಲ್ಲ. ತಂಗಿಯ ಕೈಲಿ ಕದ್ದು ಬರೆಸಿಕೊಂಡಳು ಎನ್ನುವ ಮಾತು ತನಗೆ ಬೇಡ, ಬೇರೆಯವರ ಮನೆಯಲ್ಲಿ ಹೇಗೆ ಎಲ್ಲರ ಮುಂದೆ ಬರೆಯುತ್ತೀಯೋ ಇಲ್ಲೂ ಹಾಗೇ ಬರಿ ಎಂದಳು. ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಲ್ಯಾಪ್‌ಟಾಪ್ ಹೊರಡಲೇಬೇಕಾಯಿತು.

ಆ ಬೆಳಿಗ್ಗೆ ತಮ್ಮ ಸಿರಾದಿಂದ ಕಾರು ತಂದ. ಹೊರಡುವ ಹೊತ್ತಿಗೆ ಸರಿಯಾಗಿ ಲ್ಯಾಪ್‌ಟಾಪಿಗೆ ಅಪ್‌ಡೇಟು ಬಂತು. ಆಫ್ ಮಾಡಬೇಡಿ ಎಂದು ಬರೆದುಕೊಂಡು, ಚುಕ್ಕಿಗಳನ್ನು ದುಂಡಗೆ ತಿರುಗಿಸುತ್ತ ಕೂತಿತು. ಯಾರು ಕೇಳಿದ್ದರು ಇದನ್ನು ಎಂದೆ. ಅದು ತಾನಾಗೇ ಬರುತ್ತದೆ, ಒಳ್ಳೆಯದು, ಬರಲಿ ಬಿಡು ಎಂದ ತಮ್ಮ. ಮಧುಗಿರಿಯಿಂದ ಪಾವಗಡದವರೆಗೂ ಅದನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಹಳ್ಳದಲ್ಲಿ ಕಾರು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದೆ.

ಅಕ್ಕನ ಮನೆಯಲ್ಲಿ ಆಗಲೇ ಜನ ಸೇರಿದ್ದರು. ಗಂಡಿನ ಕಡೆಯವರು ಕೊರಟಗೆರೆಯಿಂದ ಬಂದು ಗೋಡೆಗೊರಗಿ ಕೂತಿದ್ದರು. ಹೆಣ್ಣಿನ ಕಡೆ ಹಿರಿಯರೆಂದರೆ ಅಕ್ಕನ ಗಂಡನ ಅಣ್ಣ. ನಾವು ಅವರನ್ನು ದೊಡ್ಡಭಾವ ಎನ್ನುತ್ತೇವೆ. ಅವರು ಮತ್ತು ಅವರ ಹೆಂಡತಿಯೇ ಧಾರೆ ಎರೆಯುವವರು. ಕೆಟ್ಟ ಮನುಷ್ಯರಲ್ಲ. ಅಕ್ಕನ ಗಂಡ ತೀರಿಕೊಂಡಾಗಿನಿಂದ ಪ್ರತಿ ವರ್ಷ ಬಿತ್ತನೆಗೆ ಅವರ ಎತ್ತು ನೇಗಿಲು ಮೊದಲು ಹೋಗುತ್ತಿದ್ದದ್ದು ಅಕ್ಕನ ಹೊಲಕ್ಕೆ, ಆಮೇಲೆ ಸ್ವಂತ ಹೊಲಕ್ಕೆ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಒಂದು ಕಷ್ಟ.

ಪುರೋಹಿತರು ಲಗ್ನ ಬರೆದರು. ಮುತ್ತೈದೆಯರು ಅರಿಶಿನ ಕುಂಕುಮ ಹಚ್ಚಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ, ಹೊಸ್ತಿಲ ಆಚೆಗೇ ನಿಂತಿದ್ದಳು. ತೆಂಗಿನಕಾಯಿ ಇಟ್ಟ ತಟ್ಟೆಯ ಹತ್ತಿರ ಅವಳು ಬರುವಂತಿಲ್ಲ. ಬೆಳಗಿನಿಂದ ಒಂದು ಸಲವೂ ನಡುಮನೆಗೆ ಕಾಲಿಟ್ಟಿರಲಿಲ್ಲ. ಮಗಳ ಲಗ್ನವನ್ನು ಪಕ್ಕದ ಮನೆಯವಳ ಹಾಗೆ ಬಾಗಿಲಿನಿಂದ ನೋಡುತ್ತಿದ್ದಳು.

ನನ್ನ ಸರದಿ ಬಂತು. ಮಣೆಯೊಂದನ್ನು ಇನ್ನೊಂದರ ಮೇಲಿಟ್ಟು ಎತ್ತರ ಮಾಡಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಮೊದಲ ಸಾಲಿನಲ್ಲಿ ಅಕ್ಕನ ಹೆಸರು ಬರೆದೆ. ಅದರ ಕೆಳಗೆ ದೊಡ್ಡಭಾವ ಮತ್ತು ಅವರ ಹೆಂಡತಿಯ ಹೆಸರು. ಮಿಕ್ಕ ಹೆಸರುಗಳನ್ನು ಅವರವರು ಹೇಳಿದಂತೆ ಜೋಡಿಸಿ, ಸ್ಕ್ರೀನನ್ನು ಹಿರಿಯರ ಕಡೆ ತಿರುಗಿಸಿದೆ. ದೊಡ್ಡಭಾವ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು.

“ಏಮಮ್ಮಾ, ಆಯಮ್ಮನ ಹೆಸ್ರು ಮೊದ್ಲಿಗೆ ಬಂದದೆ. ಇದು ಎಟ್ಲಾ ಆಗ್ತದೆ?”

ಹೀಗೆ ಕೇಳುತ್ತಲೇ ಅಕ್ಕನ ಹೆಸರಿನ ಮೇಲೆ ಬೆರಳಿಟ್ಟರು. ಅದು ಅವರ ಬೆರಳಿನ ಜೊತೆಗೇ ಸರಸರನೆ ಜಾರಿ ಕೆಳಕ್ಕೆ ಬಂತು. ಬೆಂಕಿ ತಾಗಿದವರಂತೆ ಅವರು ಕೈ ಹಿಂದಕ್ಕೆಳೆದುಕೊಂಡರು. ಹೆಸರು ಸುಖಾಗಮನ ಬಯಸುವವರ ಗುಂಪಿಗೆ, ಎಲ್ಲಿ ಇರಬೇಕೆಂದು ಅವರು ಅಂದುಕೊಂಡಿದ್ದರೋ ಅಲ್ಲಿಗೇ, ಹೋಗಿ ನಿಂತಿತ್ತು.

ನಾನು ತಮ್ಮನ ಮುಖ ನೋಡಿದೆ. ಅಪ್‌ಡೇಟಿನಲ್ಲಿ ಟಚ್ಚು ಮತ್ತೆ ಆನ್ ಆಗಿದೆ ಎಂದು ಪಿಸುಗುಟ್ಟಿದ. ಅವನನ್ನು ಅಲ್ಲೇ ಎರಡು ಬಾರಿಸಬೇಕು ಎನ್ನಿಸಿತು. ಅಷ್ಟರಲ್ಲಿ ದೊಡ್ಡಭಾವನ ಹೆಂಡತಿ, ದೇವರು ಬಲಗಡೆ ಹೂ ಕೊಟ್ಟಂಗಾಯ್ತಲ್ಲ ಎಂದುಬಿಟ್ಟರು.

ನಮ್ಮ ಕಡೆ ಏನಾದರೂ ತೀರ್ಮಾನವಾಗಬೇಕಿದ್ದರೆ ದೇವರ ಮೇಲೆ ಹೂವಿಟ್ಟು ಕೇಳುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ. ಆಮೇಲೆ ಅದರ ಬಗ್ಗೆ ಯಾರೂ ತುಟಿ ಎರಡು ಮಾಡುವಂತಿಲ್ಲ. ಆ ಹೆಂಗಸಿನ ಮಾತು ಬಾಯಿಂದ ಬೀಳುತ್ತಲೇ ಇಡೀ ಮನೆ ಹೌದೌದು ಎಂದು ಗೋಣಾಡಿಸಿತು. ದೊಡ್ಡಭಾವನ ಮುಖದಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ. ನಿಜವಾದ ಭಯಭಕ್ತಿ ಇತ್ತು. ಅದು ನನ್ನನ್ನು ಇನ್ನೂ ರೇಗಿಸಿತು. ಅಲ್ಲಿದ್ದ ಅಷ್ಟೂ ಗಂಡಸರ ಜೇಬಿನಲ್ಲಿ ಟಚ್ ಫೋನುಗಳಿದ್ದವು. ಬೆಳಗಾದರೆ ಬೆರಳಿನಿಂದ ತಳ್ಳುತ್ತ ಕೂರುವವರೇ ಎಲ್ಲರೂ. ಫೋನಿನಲ್ಲಿ ಸರಿದರೆ ಅದು ಬೆರಳಿನಿಂದ ಎಂದು ಗೊತ್ತು. ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟು, ಪುರೋಹಿತರನ್ನು ಕೂರಿಸಿಕೊಂಡಾಗ ಸರಿದರೆ ಅದು ದೇವರಿಂದ.

ಇದು ಟಚ್ ಸ್ಕ್ರೀನು, ಬೆರಳಿನಲ್ಲಿರುವ ಕರೆಂಟಿಗೆ ಸರಿಯುತ್ತದೆ ಎಂದು ತಮ್ಮ ವಿವರಿಸಲು ಹೋದ. ಆ ಕರೆಂಟನ್ನು ಬೆರಳಿನಲ್ಲಿ ಇಟ್ಟವರು ಯಾರಪ್ಪ ಎಂದು ದೊಡ್ಡಭಾವ ಶಾಂತವಾಗಿ ಕೇಳಿದರು. ಮಾರುವಾಗ ಅಷ್ಟು ಮಾತಾಡುವವನು ತನ್ನ ಫೋನ್ ತೆಗೆದು ಬೆರಳಾಡಿಸತೊಡಗಿದ. ಪುರೋಹಿತರು ಸಂದೇಹವಿದ್ದರೆ ಇನ್ನೊಂದು ಸಲ ನೋಡಬಹುದಲ್ಲ ಎಂದು ಮೆಲ್ಲಗೆ ಹೇಳಿ ನೋಡಿದರು. ಕೊಟ್ಟ ಹೂವನ್ನು ಮತ್ತೆ ಕೇಳುವುದು ದೇವರನ್ನೇ ಅನುಮಾನಿಸಿದಂತೆ ಎಂದು ಯಾರೋ ಅಂದರು.

ನಾನು ಮೌಸು ಹಿಡಿದು ಹೆಸರನ್ನು ಮೇಲಕ್ಕೆ ತರಲು ಹೊರಟೆ.

“ಬುಡಮ್ಮಾ, ಆಗಿದ್ದು ಆಗೋಯ್ತು. ಒಳ್ಳೆ ಗಳಿಗೇಲಿ ಮತ್ತೆ ಕೈಯಾಡಿಸಬೇಡ,” ಎಂದರು ದೊಡ್ಡಭಾವ.

ನನ್ನ ಕೈ ನಿಂತುಹೋಯಿತು. ಮಧುಗಿರಿಯಲ್ಲಿ ನನ್ನ ಬಾಯಿಗೆ ಹೆದರದ ಗಿರಾಕಿಯಿಲ್ಲ. ಅಲ್ಲಿ ಮೌಸು ಬಿಟ್ಟುಬಿಟ್ಟೆ. ಕೊರಟಗೆರೆಯವರು ನೋಡುತ್ತ ಕೂತಿದ್ದರು. ನಾನು ಜಗಳ ತೆಗೆದರೆ ನಾಳೆ ಅದರ ಕೆಟ್ಟ ಹೆಸರು ಹೋಗುವುದು ಅಕ್ಕನಿಗೆ, ಅವಳ ಮಗಳಿಗೆ. ಅಕ್ಕ ಕೇಳಿದ್ದ ಒಂದೇ ಒಂದು ಮಾತು ನನ್ನದೇ ಲ್ಯಾಪ್‌ಟಾಪಿನಿಂದ, ನನ್ನ ಕಣ್ಣೆದುರೇ ಹಾಳಾಗಿ ಹೋಗಿತ್ತು. ಆ ಹೊಳೆಯುವ ಗಾಜನ್ನು ಎತ್ತಿ ಬಾವಿಗೆ ಹಾಕಬೇಕೆನ್ನಿಸಿತು. ಅಳುವೂ ಬಂತು.

ಆಗ ಅಕ್ಕ ಹೊಸ್ತಿಲು ದಾಟಿ ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಕೂತವರನ್ನು ಬಳಸಿಕೊಂಡು ಬಂದು, ಮಣೆಯ ಮುಂದೆ ನನ್ನ ಪಕ್ಕದಲ್ಲಿ ಕೂತಳು. ಯಾರೂ ತಡೆಯಲಿಲ್ಲ. ತಡೆಯಬೇಕು ಎಂದು ಹೊಳೆಯುವಷ್ಟರಲ್ಲಿ ಅವಳು ಕೂತಾಗಿತ್ತು. ಗಾಜಿಗೆ ತಾಗದಂತೆ ಬೆರಳನ್ನು ಗಾಳಿಯಲ್ಲೇ ಹಿಡಿದು ಒಂದೊಂದು ಸಾಲನ್ನೂ ಓದಿಕೊಂಡು ಬಂದಳು. ತನ್ನ ಹೆಸರು ಸಿಕ್ಕಿತು. ಅದರ ಮೇಲೆ ಬೆರಳಿಟ್ಟು ಮೇಲಕ್ಕೆ ತಳ್ಳಿದಳು.

ಹೆಸರು ಅಲುಗಲಿಲ್ಲ. ಇನ್ನೊಂದು ಸಲ ತಳ್ಳಿದಳು. ಆಗಲೂ ಇಲ್ಲ. ಹುಣಸೆಹಣ್ಣು ಬಿಡಿಸಿ, ಕಡಲೆಕಾಯಿ ಕಿತ್ತು, ಅವಳ ಬೆರಳ ತುದಿ ದಡ್ಡುಗಟ್ಟಿ ಕಟ್ಟಿಗೆಯಾಗಿತ್ತು. ಬೇರೆಯವರ ಬೆರಳು ಸುಮ್ಮನೆ ತಾಗಿದರೂ ಓಡುತ್ತಿದ್ದ ಆ ಹಾಳು ಗಾಜಿಗೆ ಅವಳ ಬೆರಳು ಬೆರಳೆಂದೇ ಗೊತ್ತಾಗಲಿಲ್ಲ. ನೋಡು, ಬರಲ್ಲ ಎನ್ನುತ್ತಿದೆ ಎಂದು ದೊಡ್ಡಭಾವನ ಹೆಂಡತಿ ಹಿಂದಿನಿಂದ ಅಂದರು. ನಾನು ಮೌಸಿಗೆ ಕೈ ಹಾಕಿದೆ. ಅಕ್ಕ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

ಸೆರಗಿನ ಚುಂಗು ಪಾತ್ರೆ ತೊಳೆದ ನೀರಿನಲ್ಲಿ ಒದ್ದೆಯಾಗಿತ್ತು. ಅದರಲ್ಲಿ ಬೆರಳನ್ನು ಚೆನ್ನಾಗಿ ತೇಯ್ದು ಮೆತ್ತಗೆ ಮಾಡಿಕೊಂಡು ಮತ್ತೆ ಇಟ್ಟಳು. ಈ ಸಲ ಹೆಸರು ಹಿಡಿದುಕೊಂಡಿತು. ನಿಧಾನವಾಗಿ, ಬಿಂದಿಗೆ ಹೊತ್ತವಳ ಎಚ್ಚರದಲ್ಲಿ, ಮಾವಂದಿರ ಹೆಸರನ್ನು ದಾಟಿಸಿ, ನನ್ನ ಹೆಸರನ್ನೂ ತಮ್ಮನ ಹೆಸರನ್ನೂ ದಾಟಿಸಿ, ದೊಡ್ಡಭಾವನ ಹೆಸರಿನ ಮೇಲೆ ತಂದು ನಿಲ್ಲಿಸಿದಳು. ಸ್ವಲ್ಪ ಸೊಟ್ಟಗೆ ಕೂತಿತ್ತು. ಬೆರಳನ್ನು ಹಾಗೇ ಒತ್ತಿ ಹಿಡಿದುಕೊಂಡು ದೊಡ್ಡಭಾವನ ಕಡೆ ತಿರುಗಿದಳು.

“ನೀವ್ ತಳ್ಳುದ್ರಿ, ಕೆಳೀಕ್ ಹೋಯ್ತು ಭಾವ. ನಾನ್ ತಳ್ದೆ, ಮೇಲೀಕ್ ಬಂತು. ಇದ್ರಾಗೆ ದೇವ್ರುನ್ನ ಯಾಕ್ ತರ್ತೀರಿ?”

ದೊಡ್ಡಭಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. ಗಂಡಿನ ತಾಯಿ, ಮೊದಲಿಂದ ಗೋಡೆಗೊರಗಿ ಕೂತಿದ್ದವರು, ಎಲೆಯಡಿಕೆಯ ತಟ್ಟೆಯನ್ನು ಅಕ್ಕನ ಕಡೆಗೆ ಸರಿಸಿದರು.

ನಾನು ಅಕ್ಕನ ಕಿವಿಯಲ್ಲಿ, ಬೆಟ್ಟು ತೆಗಿ ಅಕ್ಕ, ಸೇವ್ ಮಾಡ್ತೀನಿ ಎಂದೆ. ಮೊದ್ಲು ನೀನ್ ಮಾಡು, ಆಮೇಲ್ ತೆಗಿತೀನಿ ಎಂದಳು. ಅವಳ ಬೆರಳಿನ ಕೆಳಗೆ ಹೆಸರು ಕೂದಲೆಳೆಯಷ್ಟು ಅತ್ತಿತ್ತ ಅಲುಗುತ್ತಿತ್ತು. ಕೀಲಿಗಳನ್ನು ಒತ್ತಿ ಸೇವ್ ಮಾಡಿ, ಆಯ್ತು ಅಕ್ಕ ಎಂದೆ.

ಅವಳು ಬೆರಳು ತೆಗೆಯಲಿಲ್ಲ. “ಇನ್ನೊಂದ್ ಸತಿ ಮಾಡು,” ಎಂದಳು.